ಪ್ರೋಗ್ರಾಮರ ಪತ್ರಮರ್ಯಾದೆ

ನಮ್ಮ ಹಿರಿಯರು ಕಾಗದ ಬರೆಯಲು ಕುಳಿತರೆ ಮೊದಲು ಹಾಳೆಯ ನೆತ್ತಿಯಲ್ಲಿ 'ಶ್ರೀ' ಎಂದು ಬರೆಯುತ್ತಿದ್ದರು. ಆಮೇಲೆ ತಮ್ಮ ಕ್ಷೇಮವನ್ನು ತಿಳಿಸಿ, ಅತ್ತಣ ಕ್ಷೇಮವನ್ನು ವಿಚಾರಿಸಿ, ಹಿರಿಯರಿಗೆ ನಮಸ್ಕಾರವನ್ನೂ ಕಿರಿಯರಿಗೆ ಆಶೀರ್ವಾದವನ್ನೂ ಸಲ್ಲಿಸಿ, ಅನಂತರವೇ ವಿಷಯಕ್ಕೆ ಬರುತ್ತಿದ್ದರು. ಕಾರ್ಡಿನಲ್ಲಿ ಬರೆಯುವಾಗ ಇಷ್ಟಕ್ಕೆಲ್ಲ ಸ್ಥಳವಿರದು; ಆದಕಾರಣ 'ಉ. ಕು. ಸಾಂಪ್ರತ' ಎಂದು ಸಂಕ್ಷೇಪಿಸಿ, ಉಭಯಕುಶಲೋಪರಿಯನ್ನು ಎರಡು ಅಕ್ಷರಗಳಲ್ಲಿ ಮುಗಿಸುತ್ತಿದ್ದರು. ಹೀಗೆ ಪತ್ರವ್ಯವಹಾರದ ಒಂದೊಂದು ಪದ್ಧತಿಗೂ ಒಂದೊಂದು ಕಾರಣವಿದ್ದಿತು. ಕಾರಣವು ಅಳಿದ ಮೇಲೂ ಪದ್ಧತಿಯು ಉಳಿದುಕೊಳ್ಳುವುದು ಲೋಕದಲ್ಲಿ ಸಾಮಾನ್ಯ. ಪದ್ಧತಿಯನ್ನು ಹಳೆಯದೆಂದು ಬಿಸುಟ ಮೇಲೆ, ಅದರ ಕಾರಣವು ಇನ್ನೂ ಜೀವಂತವಾಗಿದ್ದಿತೆಂದು ತಿಳಿದು ಪಶ್ಚಾತ್ತಾಪ ಪಡುವುದೂ ಇಲ್ಲದಿಲ್ಲ. ಈ ತಿಂಗಳು ವಾಚಕರ ಮುಂದೆ ಇಡಬೇಕೆಂದಿರುವ ವಿಷಯವು ಇದೇ. ಆದರೆ ಅದು ನಡೆಯುವ ಲೋಕ ಮಾತ್ರ ಬೇರೆ.

ಇದಕ್ಕೆ ಒಂದು ನಿಮಿತ್ತವುಂಟು. ನಮ್ಮ ನೆರೆಮನೆಯ ಗೃಹಸ್ಥರ ಮಗಳು ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿದ್ದಾಳೆ. ಅನೇಕ ದೇಶಗಳವರು ಕೂಡಿ ರಚಿಸಿ ಎಲ್ಲರಿಗೂ ಉಚಿತವಾಗಿ ಕೊಡುತ್ತಿರುವ ಒಂದು ತಂತ್ರಾಂಶದಲ್ಲಿ ಅವಳಿಗೊಂದು ದೋಷವು ಕಂಡಿತು. ಕಚೇರಿಯ ಕೆಲಸ ಮುಗಿದ ಮೇಲೆ ನಾಲ್ಕಾರು ರಾತ್ರಿ ನಿದ್ದೆಗೆಟ್ಟು ಅದಕ್ಕೊಂದು ತಿದ್ದುಪಡಿಯನ್ನು ಬರೆದು, ಆ ಕೆಲಸಗಾರರ ಅಂಚೆಪಟ್ಟಿಗೆ ಕಳುಹಿಸಿದಳು. ಒಬ್ಬರು ಏನನ್ನೋ ಕೇಳಿದರು. ಇವಳು ವಿನಯದಿಂದಲೇ ಉತ್ತರ ಬರೆದಳು. ಮರುದಿನ ಬಂದ ಪತ್ರದಲ್ಲಿ ಅವಳ ತಿದ್ದುಪಡಿಯ ಮಾತೇ ಇಲ್ಲ. ಉತ್ತರವನ್ನು ಮೇಲುಗಡೆ ಬರೆಯಕೂಡದು, ಅಲಂಕಾರದ ಅಕ್ಷರಗಳಲ್ಲಿ ಕಳುಹಿಸಕೂಡದು, ನಿಯಮಗಳನ್ನು ಓದಿಕೊಂಡು ಬರತಕ್ಕದ್ದು ಎಂಬ ಒಂದೇ ಸಾಲು. ನಮಸ್ಕಾರವಿಲ್ಲ, ಸಹಿಯೂ ಇಲ್ಲ.

ಹಬ್ಬಕ್ಕೆಂದು ಊರಿಗೆ ಬಂದಾಗ ಅವಳು ನಮ್ಮೆದುರು ಇದನ್ನು ಹೇಳಿಕೊಂಡಳು. "ಮಾಮ, ನಾನು ಬರೆದದ್ದು ತಪ್ಪಾಗಿದ್ದರೆ ತಿದ್ದಿಕೊಳ್ಳುತ್ತಿದ್ದೆ. ಬರೆದ ಜಾಗವೇ ತಪ್ಪು ಎಂದರೆ ಏನು ಮಾಡಲಿ? ಇನ್ನು ಆ ಕಡೆ ತಲೆ ಹಾಕುವುದಿಲ್ಲ" ಎಂದಳು. ಅವಳ ತಂದೆಯವರು, "ಸ್ವಾಮಿ, ಅಷ್ಟೆಲ್ಲ ಓದಿದವರಲ್ಲಿ ಇಷ್ಟು ಸೌಜನ್ಯವೂ ಬೇಡವೆ?" ಎಂದು ಕೇಳಿದರು. ಆ ಪಟ್ಟಿಯ ಹೆಸರು ಇಲ್ಲಿ ಅಗತ್ಯವಿಲ್ಲ. ಆದರೆ ಪ್ರಶ್ನೆಯು ನ್ಯಾಯವಾದುದಾದ್ದರಿಂದ ನಾವು ಕೆಲವು ದಿನಗಳ ಕಾಲ ಅದೇ ವಿಚಾರದಲ್ಲಿ ತೊಡಗಿದೆವು. ಇಂತಹ ಪಟ್ಟಿಗಳಲ್ಲಿ ಲೋಕಪ್ರಸಿದ್ಧವಾದುದು ಲಿನಕ್ಸ್ ಎಂಬುದರದು. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನಮಗೆ ತಿಳಿದುಬಂದುದನ್ನು ನಿವೇದಿಸುತ್ತೇವೆ.

ಅಂಚೆಪಟ್ಟಿಯೆಂದರೆ ಒಂದು ವಿಳಾಸ. ಆ ವಿಳಾಸಕ್ಕೆ ಒಂದು ಇಮೇಲನ್ನು ಬರೆದರೆ ಅದರ ಪ್ರತಿಯು ಪಟ್ಟಿಯಲ್ಲಿರುವ ಸಮಸ್ತರಿಗೂ ತಲಪುತ್ತದೆ. ಅವರಲ್ಲಿ ಯಾರೊಬ್ಬರು ಉತ್ತರ ಕೊಟ್ಟರೂ ಅದೂ ಹಾಗೆಯೇ ಎಲ್ಲರ ಕೈ ಸೇರುತ್ತದೆ. ೧೯೯೧ನೆಯ ಇಸವಿಯ ಆಗಸ್ಟ್ ೨೫ರಂದು, ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ೨೧ ವರ್ಷದ ಲಿನಸ್ ಟೊರ್ವಾಲ್ಡ್ಸ್ ಎಂಬ ತರುಣನು ತಾನೊಂದು ಆಪರೇಟಿಂಗ್ ಸಿಸ್ಟಮ್ಮನ್ನು ವಿನೋದಕ್ಕಾಗಿ ಬರೆಯುತ್ತಿರುವುದಾಗಿ ದೂರದ ಸಮಾನಾಸಕ್ತರಿಗೆ ತಿಳಿಸಿದನು. ಅದೇ ಬೆಳೆದು ಲಿನಕ್ಸ್ ಆಯಿತು. ವಾಚಕರ ಕೈಯಲ್ಲಿ ಆಂಡ್ರಾಯಿಡ್ ಫೋನು ಇದ್ದರೆ, ಅದರ ಒಳತಿರುಳೂ ಲಿನಕ್ಸೇ. ಇಷ್ಟು ದೊಡ್ಡ ಕೆಲಸವನ್ನು ಸಾವಿರಾರು ಜನರು ಒಬ್ಬರ ಮುಖವನ್ನೊಬ್ಬರು ನೋಡದೆ, ಮುಖ್ಯವಾಗಿ ಪತ್ರಗಳ ಮೂಲಕವೇ ನಡೆಸಿಕೊಂಡು ಬಂದಿರುವರೆಂಬುದು ಸಾಮಾನ್ಯವಾದ ಸಂಗತಿಯಲ್ಲ.

ಅವರು ಕಳುಹಿಸುವ ತಿದ್ದುಪಡಿಗೆ ಪ್ಯಾಚ್, ಎಂದರೆ ತೇಪೆ, ಎಂದು ಹೆಸರು. ಎರಡು ಬರಹಗಳಿಗಿರುವ ವ್ಯತ್ಯಾಸವನ್ನು ತೋರಿಸುವ 'ಡಿಫ್' ಎಂಬ ಸಾಧನವು ೧೯೭೪ರಲ್ಲಿ ಯೂನಿಕ್ಸಿನೊಡನೆ ಬಂದಿತು. ಆ ವ್ಯತ್ಯಾಸವನ್ನು ಮತ್ತೊಬ್ಬರ ಪ್ರತಿಗೆ ತಾನಾಗಿಯೇ ಹೊಲಿಯುವ 'ಪ್ಯಾಚ್' ಎಂಬುದನ್ನು ೧೯೮೫ರಲ್ಲಿ ಲ್ಯಾರಿ ವಾಲ್ ಎಂಬವರು ರಚಿಸಿದರು. ತೆಗೆಯಬೇಕಾದ ಸಾಲಿನ ಮುಂದೆ ಕಳೆಯುವ ಗುರುತು, ಸೇರಿಸಬೇಕಾದ ಸಾಲಿನ ಮುಂದೆ ಕೂಡುವ ಗುರುತು. ಇಷ್ಟೇ ಅದರ ಲಿಪಿ. ಆದರೆ ಒಂದು ಸಾಲು ನಡುವೆ ಮುರಿದರೂ, ಬಿಟ್ಟ ಜಾಗದ ಅಳತೆ ಸ್ವಲ್ಪ ಬದಲಾದರೂ ತೇಪೆಯು ಕೂರದು. ಬಣ್ಣ, ದಪ್ಪಕ್ಷರ, ಅಲಂಕಾರಗಳನ್ನು ಸೇರಿಸುವ ಇಂದಿನ ಇಮೇಲ್ ಸಾಧನಗಳು ಹೇಳದೆ ಕೇಳದೆ ಸಾಲುಗಳನ್ನು ಮುರಿದು, ಜಾಗಗಳನ್ನು ಕುಗ್ಗಿಸಿಬಿಡುತ್ತವೆ. ಸಾದಾ ಅಕ್ಷರಗಳಲ್ಲಿಯೇ ಬರೆಯಿರೆಂದು ಹಳಬರು ಹಟ ಹಿಡಿಯುವುದಕ್ಕೆ ಕಾರಣವಿದು. ಲಿನಕ್ಸ್ ಪಟ್ಟಿಯಂತೂ ಅಲಂಕಾರದ ಪತ್ರವನ್ನು ಬಾಗಿಲಿನಲ್ಲಿಯೇ ಹಿಂದಿರುಗಿಸುತ್ತದೆ. ನಮ್ಮ ನೆರೆಮನೆಯ ಹುಡುಗಿಗೆ ಸಿಕ್ಕಿದ ಎರಡನೆಯ ಬುದ್ಧಿವಾದವು ಇದರಿಂದ ಹುಟ್ಟಿದುದು. ಅವಳನ್ನು ಹಳಿಯುವುದಕ್ಕಾಗಿ ಹುಟ್ಟಿದುದಲ್ಲ.

ಮೊದಲನೆಯದಕ್ಕೂ ಕಾರಣವುಂಟು. ಕಚೇರಿಗಳಲ್ಲಿ ಇಂದು ಎಲ್ಲರೂ ಬಂದ ಪತ್ರದ ನೆತ್ತಿಯ ಮೇಲೆ ಉತ್ತರವನ್ನು ಬರೆದು, ಕೆಳಗೆ ಹಳೆಯ ಪತ್ರಗಳ ಕಂತೆಯನ್ನು ಹಾಗೆಯೇ ಬಿಟ್ಟು ಕಳುಹಿಸುತ್ತಾರೆ. ಇಬ್ಬರೇ ಮಾತನಾಡುವಾಗ ಇದರಿಂದ ಬಾಧಕವಿಲ್ಲ. ಪಟ್ಟಿಯಲ್ಲಾದರೋ ದಿನವೊಂದಕ್ಕೆ ನೂರಾರು ಪತ್ರಗಳು ಬಂದು ಬೀಳುತ್ತವೆ. ಓದುವವರಿಗೆ ಯಾವ ಪ್ರಶ್ನೆಗೆ ಯಾವ ಉತ್ತರವೆಂಬುದು ಒಡನೆಯೇ ಗೋಚರವಾಗಬೇಕು. ಆದಕಾರಣ ಅಲ್ಲಿ ಬಂದ ಪತ್ರದಿಂದ ಬೇಕಾದ ಎರಡು ಸಾಲನ್ನು ಮಾತ್ರ ಉಳಿಸಿ, ಮಿಕ್ಕುದನ್ನು ಅಳಿಸಿ, ಆ ಸಾಲುಗಳ ಕೆಳಗೆ ಉತ್ತರವನ್ನು ಬರೆಯುವುದು ಕ್ರಮ. ಈ ಪತ್ರಗಳೆಲ್ಲ ಭಂಡಾರದಲ್ಲಿ ಉಳಿಯುತ್ತವೆ. ಹತ್ತು ವರ್ಷಗಳ ಮೇಲೆ ಅದೇ ದೋಷವು ಇನ್ನೊಬ್ಬನನ್ನು ಕಾಡಿದಾಗ, ಅವನು ಆ ಹಳೆಯ ಸಂವಾದವನ್ನು ತೆಗೆದು ನೋಡಿ, ಇಂತಹವರು ಹೀಗೆ ಕೇಳಿದರು, ಇಂತಹವರು ಹೀಗೆ ಹೇಳಿದರು ಎಂದು ನಾಟಕವನ್ನು ಓದಿದಂತೆ ಓದಿಕೊಳ್ಳಬಹುದು. ತನಗೆ ಒಂದು ನಿಮಿಷದ ಶ್ರಮವಾದರೂ ಓದುವ ನೂರು ಜನರಿಗೆ ಒಂದೊಂದು ನಿಮಿಷವನ್ನು ಉಳಿಸುವ ಈ ಪದ್ಧತಿಯನ್ನು ನಾವು ಸೌಜನ್ಯವೆಂದೇ ಕರೆಯುತ್ತೇವೆ. ನಮಸ್ಕಾರವೆಂಬ ಮಾತು ಅದರಲ್ಲಿಲ್ಲದಿರಬಹುದು, ನಮಸ್ಕಾರದ ಭಾವವಿದೆ.

ತೇಪೆಯನ್ನು ಚಿಕ್ಕದಾಗಿ ಕಳುಹಿಸಬೇಕು, ಒಂದು ತೇಪೆಯಲ್ಲಿ ಒಂದೇ ವಿಷಯವಿರಬೇಕು, ಏನು ಮಾಡಿದೆನೆಂಬುದಕ್ಕಿಂತ ಏಕೆ ಮಾಡಿದೆನೆಂಬುದನ್ನು ಬರೆಯಬೇಕು ಎಂಬ ನಿಯಮಗಳೂ ಇದೇ ಜಾತಿಯವು. ೨೦೦೪ರಲ್ಲಿ ಇನ್ನೊಂದು ಸೇರಿತು. ಲಿನಕ್ಸಿನಲ್ಲಿ ತನ್ನ ಸ್ವತ್ತು ಸೇರಿಕೊಂಡಿದೆಯೆಂದು ಒಂದು ಕಂಪೆನಿಯು ೨೦೦೩ರಲ್ಲಿ ನ್ಯಾಯಾಲಯಕ್ಕೆ ಹೋಗಿದ್ದಿತು. ಅಂದಿನ ಆ ತಳಮಳದ ಮೇಲೆ, ತೇಪೆಯನ್ನು ಬರೆದವರೂ ಅದನ್ನು ಮುಂದಕ್ಕೆ ದಾಟಿಸಿದವರೂ ಒಬ್ಬರ ಕೆಳಗೊಬ್ಬರು ಹೆಸರು ಬರೆದು, ಇದನ್ನು ಕೊಡುವ ಹಕ್ಕು ತಮಗುಂಟೆಂದು ಒಪ್ಪಿಕೊಳ್ಳುವ ಪದ್ಧತಿಯು ಬಂದಿತು. ಕ್ರಯಪತ್ರಕ್ಕೆ ಸಾಕ್ಷಿ ಹಾಕಿಸುವವರಿಗೆ ಇದರ ಅರ್ಥವನ್ನು ವಿವರಿಸಬೇಕಾದುದಿಲ್ಲ.

ಇಷ್ಟು ಹೇಳಿದ ಮೇಲೆ, ಹಳಬರ ಆಚಾರಗಳೆಲ್ಲವೂ ಹೀಗೆ ಸಕಾರಣವಾದುವೆಂದು ವಾಚಕರು ಭಾವಿಸಬಾರದು. ಎಂಭತ್ತರ ಕಥೆಯನ್ನು ಕೇಳಿದರೆ ಇದು ಸ್ಪಷ್ಟವಾಗುವುದು. ಪ್ರೋಗ್ರಾಮಿನ ಯಾವ ಸಾಲೂ ೮೦ ಅಕ್ಷರಗಳನ್ನು ಮೀರಕೂಡದೆಂಬುದು ಬಹುಕಾಲದ ನಿಯಮ. ಈ ಸಂಖ್ಯೆ ಎಲ್ಲಿಂದ ಬಂದಿತು? ೧೯೨೮ರಲ್ಲಿ ಐಬಿಎಂ ಕಂಪೆನಿಯು ಹೊರತಂದ ರಟ್ಟಿನ ಕಾರ್ಡಿನಲ್ಲಿ ರಂಧ್ರಗಳನ್ನು ಕೊರೆಯಲು ೮೦ ಕಂಬಸಾಲುಗಳಿದ್ದುವು. ಕಾರ್ಡುಗಳ ಕಾಲ ಕಳೆದು ಗಾಜಿನ ಪರದೆಗಳು ಬಂದಾಗ ಅವೂ ಅದೇ ಅಗಲವನ್ನು ಅನುಸರಿಸಿದುವು; ೧೯೭೮ರ ಪ್ರಸಿದ್ಧವಾದ ವಿಟಿ೧೦೦ ಪರದೆಯಲ್ಲಿ ಸಾಲಿಗೆ ೮೦ ಅಕ್ಷರ, ಒಟ್ಟು ೨೪ ಸಾಲು. ಆ ಪರದೆಯೂ ವಸ್ತುಸಂಗ್ರಹಾಲಯವನ್ನು ಸೇರಿತು. ನಿಯಮವು ಮಾತ್ರ ಉಳಿಯಿತು. ಲಿನಕ್ಸಿನಲ್ಲಿ ೮೦ನ್ನು ಮೀರಿದ ಸಾಲನ್ನು ತೋರಿಸಿ ಎಚ್ಚರಿಸುವ ಒಂದು ಸಾಧನವಿದೆ. ಅದರ ಬಾಯಿಗೆ ಅಂಜಿ ಜನರು ಒಳ್ಳೆಯ ಹೆಸರುಗಳನ್ನು ಮೊಟಕುಗೊಳಿಸಿ, ಸಲೀಸಾಗಿ ಓದಬಹುದಾದ ಸಾಲುಗಳನ್ನು ತುಂಡು ತುಂಡು ಮಾಡುತ್ತಿದ್ದರು. ಕಡೆಗೆ ೨೦೨೦ರಲ್ಲಿ ಟೊರ್ವಾಲ್ಡ್ಸರೇ ಇದನ್ನು ಆಕ್ಷೇಪಿಸಿದರು. ೮೦ರ ಅಳತೆಯೇ ಮೇಲೆಂಬ ಮಾತು ಬರವಣಿಗೆಯಲ್ಲಿ ಉಳಿದರೂ, ಸಾಧನವು ೧೦೦ರವರೆಗೆ ಸುಮ್ಮನಿರುವಂತೆ ಏರ್ಪಾಡಾಯಿತು. ರಟ್ಟಿನ ಕಾರ್ಡೊಂದು ತೊಂಬತ್ತೆರಡು ವರ್ಷಗಳ ಕಾಲ, ಅದನ್ನು ಕಣ್ಣಿನಿಂದಲೂ ಕಾಣದವರ ಕೈಯನ್ನು ಹಿಡಿದಿದ್ದಿತೆಂದರೆ ಆಶ್ಚರ್ಯವಲ್ಲವೆ?

ಇನ್ನು ಕೆಲವು ನಿಯಮಗಳು ಬಡತನದ ದಿನಗಳವು. ೧೯೯೫ರ ಅಕ್ಟೋಬರಿನಲ್ಲಿ ಇಂಟರ್ನೆಟ್ಟಿನ ನಡವಳಿಕೆಯ ಬಗ್ಗೆ ಸ್ಯಾಲಿ ಹ್ಯಾಂಬ್ರಿಜ್ ಎಂಬವರು ಬರೆದ ಮಾರ್ಗಸೂಚಿಯೊಂದು ಪ್ರಕಟವಾಯಿತು. ಪತ್ರದ ಸಾಲು ೬೫ ಅಕ್ಷರಗಳೊಳಗಿರಲಿ, ಕೊನೆಯ ಸಹಿಯು ೪ ಸಾಲುಗಳನ್ನು ಮೀರದಿರಲಿ, ಎಲ್ಲವನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದರೆ ಕಿರುಚಿದಂತಾಗುವುದು, ಪಟ್ಟಿಗೆ ಸೇರಿದ ಮೇಲೆ ಒಂದೆರಡು ತಿಂಗಳು ಬರಿಯ ಓದುಗರಾಗಿದ್ದು ಬಳಿಕ ಬರೆಯಿರಿ ಎಂಬವು ಅದರ ಉಪದೇಶಗಳಲ್ಲಿ ಕೆಲವು. ಆ ಕಾಲದಲ್ಲಿ ಪತ್ರವನ್ನು ಕಳುಹಿಸಿದವನಿಗೆ ಮಾತ್ರವಲ್ಲದೆ ಪಡೆದವನಿಗೂ ಖರ್ಚು ಬೀಳುತ್ತಿದ್ದಿತು. ಅಂಚೆಯವನು ಬಾಗಿಲಿಗೆ ತಂದ ಲಕೋಟೆಗೆ ನಾವೇ ದುಡ್ಡು ತೆರಬೇಕಾದರೆ, ಎಂಟು ಸಾಲಿನ ಸಹಿಯನ್ನು ಯಾರು ಸಹಿಸಿಯಾರು? ಈಗ ಆ ಖರ್ಚು ಗಣನೆಗೆ ಬಾರದು. ನಾಲ್ಕು ಸಾಲೋ ಐದು ಸಾಲೋ ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ. ಆದರೆ ಮಾತನಾಡುವ ಮೊದಲು ಸ್ವಲ್ಪ ಕಾಲ ಕೇಳಿರೆಂಬ ಉಪದೇಶಕ್ಕೆ ಖರ್ಚಿನ ಸಂಬಂಧವೇ ಇಲ್ಲ; ಅದು ಎಂದಿಗೂ ಹಳತಾಗತಕ್ಕುದಲ್ಲ.

ಕನ್ನಡಿಗರಾದ ನಮಗೆ ಈ 'ಸಾದಾ ಅಕ್ಷರ'ದ ವಿಷಯದಲ್ಲಿ ಒಂದು ಹಳೆಯ ನೋವೂ ಉಂಟು. ಮೊದಮೊದಲು ಸಾದಾ ಅಕ್ಷರವೆಂದರೆ ಆಸ್ಕಿ ಎಂಬ ೧೨೮ ಸಂಕೇತಗಳ ಪಟ್ಟಿ. ಅದರಲ್ಲಿ ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳಿಗೆ ಹೊರತು ಮತ್ತಾವುದಕ್ಕೂ ಎಡೆಯಿರಲಿಲ್ಲ. ಕನ್ನಡದವರು ಕನ್ನಡದವರಿಗೆ ಬರೆಯುವಾಗಲೂ ತಾಯ್ನುಡಿಯನ್ನು ಇಂಗ್ಲಿಷಿನ ಅಕ್ಷರಗಳಲ್ಲಿ ತುರುಕಬೇಕಾಗಿತ್ತು. ೧೯೯೧ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರಕಿತು; ೧೯೯೨ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು ರಚಿಸಿದ ಯುಟಿಎಫ್-೮ ಎಂಬ ಕ್ರಮದಿಂದ, ಹಳೆಯ ಆಸ್ಕಿಯನ್ನು ಕೆಡಿಸದೆಯೇ ಜಗತ್ತಿನ ಲಿಪಿಗಳನ್ನು ಅದರ ಮಗ್ಗುಲಲ್ಲಿ ಬರೆಯುವುದು ಸಾಧ್ಯವಾಯಿತು. ಸಾದಾತನವು ಉಳಿಯಿತು, ಇಕ್ಕಟ್ಟು ಹೋಯಿತು. ಹಳೆಯ ಪದ್ಧತಿಯನ್ನು ತಿದ್ದುವ ಜಾಣ್ಮೆಯೆಂದರೆ ಇದೇ ಎಂದು ನಮ್ಮ ಅಭಿಪ್ರಾಯ. ಮನೆಗೆ ಕಿಟಕಿಯನ್ನು ಇರಿಸಲು ಗೋಡೆಯನ್ನೆಲ್ಲ ಕೆಡವಬೇಕಾಗಿಲ್ಲ.

ಪತ್ರವ್ಯವಹಾರವೇ ಬೇಡ, ಹೊಸ ಸಾಧನಗಳಿಗೆ ಹೋಗೋಣವೆಂಬ ಪಕ್ಷವೂ ಉಂಟು. ೨೦೦೮ರಲ್ಲಿ ಆರಂಭವಾದ ಗಿಟ್‌ಹಬ್ ಮುಂತಾದ ತಾಣಗಳಲ್ಲಿ ತಿದ್ದುಪಡಿಯನ್ನು ಗುಂಡಿಯೊತ್ತಿ ಸಲ್ಲಿಸಬಹುದು. ಎಷ್ಟೋ ಯೋಜನೆಗಳು ಅತ್ತ ನಡೆದಿವೆ. ಹೊಸಬರಿಗೆ ಆ ದಾರಿ ಸುಲಭವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇಮೇಲಿನವರ ವಾದವನ್ನು ಪೂರ್ಣವಾಗಿ ತಳ್ಳಿಹಾಕಲಾಗದು. ಇಮೇಲು ಯಾವ ಒಂದು ಕಂಪೆನಿಯ ಸ್ವತ್ತೂ ಅಲ್ಲ. ಹಳೆಯ ಯಂತ್ರದಲ್ಲಿಯೂ ಮಂದವಾದ ಸಂಪರ್ಕದಲ್ಲಿಯೂ ನಡೆಯುತ್ತದೆ. ಪರರ ಆಶ್ರಯದ ಅಪಾಯವನ್ನು ಲಿನಕ್ಸಿನವರು ಕಂಡುಂಡವರು. ೧೯೯೮ರಲ್ಲಿ, ಕಳುಹಿಸಿದ ತೇಪೆಗಳು ಟೊರ್ವಾಲ್ಡ್ಸರ ಪತ್ರರಾಶಿಯಲ್ಲಿ ಮುಳುಗಿ ಕಾಣೆಯಾಗುತ್ತಿವೆಯೆಂದು ದೊಡ್ಡ ಕೂಗು ಎದ್ದಿತು. ೨೦೦೨ರಲ್ಲಿ ಬಿಟ್‌ಕೀಪರ್ ಎಂಬ ಖಾಸಗಿ ಸಾಧನವನ್ನು ಆಶ್ರಯಿಸಿದರು. ೨೦೦೫ರಲ್ಲಿ ಅದರ ಒಡೆಯರು ಉಚಿತವಾದ ಬಳಕೆಯನ್ನು ಹಿಂತೆಗೆದುಕೊಂಡರು. ಆ ಏಪ್ರಿಲಿನಲ್ಲಿಯೇ ಟೊರ್ವಾಲ್ಡ್ಸರು 'ಗಿಟ್' ಎಂಬ ತಮ್ಮದೇ ಸಾಧನವನ್ನು ರಚಿಸಿಕೊಂಡರು. ಗಿಟ್‌ಹಬ್ಬಿನ ಹೆಸರಿನಲ್ಲಿ ಕುಳಿತಿರುವುದೂ ಈ ಗಿಟ್ಟೇ.

ಈಗ ನಮ್ಮ ಗೃಹಸ್ಥರ ಪ್ರಶ್ನೆಗೆ ಬರೋಣ. ನಿಯಮಕ್ಕೆ ಕಾರಣವಿರಬಹುದು, ಅದನ್ನು ಹೇಳುವ ರೀತಿಗೂ ಕಾರಣವುಂಟೆ? ಬಹುಕಾಲ ಆ ಪಟ್ಟಿಯಲ್ಲಿ ಒರಟು ಮಾತೇ ಪ್ರಾಮಾಣಿಕತೆಯ ಗುರುತೆಂಬ ನಂಬಿಕೆಯಿದ್ದಿತು. ಟೊರ್ವಾಲ್ಡ್ಸರ ಬೈಗುಳವು ಜಗತ್ತಿಗೇ ಗೊತ್ತಿದ್ದ ಸಂಗತಿ. ೨೦೧೩ರಲ್ಲಿ ಅದೇ ಕೆಲಸದಲ್ಲಿದ್ದ ಒಬ್ಬರು ಇದನ್ನು ಪಟ್ಟಿಯಲ್ಲಿಯೇ ಬಹಿರಂಗವಾಗಿ ಪ್ರತಿಭಟಿಸಿದರು. ಒಡನೆಯೇ ಫಲವೇನೂ ಕಾಣಲಿಲ್ಲ. ಆದರೆ ೨೦೧೮ರ ಸೆಪ್ಟೆಂಬರಿನಲ್ಲಿ ಟೊರ್ವಾಲ್ಡ್ಸರು ಅದೇ ಪಟ್ಟಿಗೆ ಪತ್ರವನ್ನು ಬರೆದು, ತಮ್ಮ ಮಾತುಗಳಿಂದ ನೊಂದವರ ಕ್ಷಮೆಯನ್ನು ಬೇಡಿ, ಇತರರ ಮನಸ್ಸನ್ನು ಅರಿಯಲು ತಾವು ಸಹಾಯವನ್ನು ಪಡೆಯುವುದಾಗಿ ಹೇಳಿ, ಕೆಲಸದಿಂದ ಕೆಲವು ವಾರ ದೂರ ಸರಿದರು. ಆಗಲೇ ಪಟ್ಟಿಗೆ ಹೊಸದಾದ ನಡವಳಿಕೆಯ ಸಂಹಿತೆಯು ಬಂದಿತು. ಅಕ್ಟೋಬರಿನಲ್ಲಿ ಅವರು ಹಿಂದಿರುಗಿದರು. ಐವತ್ತರ ಸಮೀಪಕ್ಕೆ ಬಂದು, ಲೋಕವೆಲ್ಲ ಹೊಗಳುತ್ತಿರುವಾಗ, ತಾನು ನಡೆದ ರೀತಿ ಸರಿಯಲ್ಲವೆಂದು ಎಲ್ಲರೆದುರು ಒಪ್ಪಿಕೊಳ್ಳುವುದು ಸುಲಭವಲ್ಲ. ನಮ್ಮ ಮನೆಗಳ ಯಜಮಾನರಲ್ಲಿ ಎಷ್ಟು ಮಂದಿ ಇದನ್ನು ಮಾಡಿದ್ದೇವೆಂದು ಎಣಿಸಲು ಹೊರಟರೆ ಬೆರಳುಗಳು ಉಳಿದಾವು.

ಹಳಬರ ಪಕ್ಷದಲ್ಲಿಯೂ ಒಂದು ಮಾತನ್ನು ಹೇಳಬೇಕು. ಈ ಪಟ್ಟಿಗಳಲ್ಲಿ ತೇಪೆಗಳನ್ನು ಪರಿಶೀಲಿಸುವವರು ಕೆಲವರೇ, ಬರುವವರು ಅನೇಕರು. ಅದೇ ತಪ್ಪನ್ನು ದಿನಕ್ಕೆ ಹತ್ತು ಬಾರಿ ತಿದ್ದಬೇಕಾದವರಿಗೆ ಹನ್ನೊಂದನೆಯ ಬಾರಿ ತಾಳ್ಮೆ ತಪ್ಪುವುದು ಮನುಷ್ಯಸಹಜ. ಆದರೆ ಹೊಸಬರಿಗೆ ಅದು ಹನ್ನೊಂದನೆಯ ಸಲವಲ್ಲ, ಮೊದಲನೆಯ ಸಲ. ಅತ್ತೆಗೆ ಹಳೆಯದಾದ ಅಡಿಗೆಮನೆಯು ಸೊಸೆಗೆ ಹೊಸದು. ಉಪ್ಪಿನಕಾಯಿಯ ಭರಣಿಗೆ ಒದ್ದೆ ಕೈ ಹಾಕಬೇಡವೆಂದು ಗದರಿಸಿದರೆ ಸೊಸೆಯು ಭಯದಿಂದ ದೂರ ನಿಲ್ಲುವಳು. ಒದ್ದೆಯಾದರೆ ಬೂಷ್ಟು ಹಿಡಿಯುವುದಮ್ಮ ಎಂದು ಕಾರಣವನ್ನು ಕೂಡಿಸಿ ಹೇಳಿದರೆ ಮುಂದೆ ಭರಣಿಯನ್ನು ಅವಳೇ ಕಾಯುವಳು. ಗದರಿಕೆಯನ್ನು ಕೇಳಿದವಳು ತನ್ನ ಸೊಸೆಗೂ ಗದರಿಕೆಯನ್ನೇ ದಾಟಿಸುವಳು. ನಡುವೆ ಕಾರಣವು ಎಲ್ಲಿಯೋ ಕಳೆದುಹೋಗುವುದು. ರಟ್ಟಿನ ಕಾರ್ಡಿನ ಎಂಭತ್ತು ಅಷ್ಟು ಕಾಲ ಬದುಕಿದ್ದು ಹೀಗೆಯೇ ಎಂದು ನಾವು ಊಹಿಸುತ್ತೇವೆ.

ಆದಕಾರಣ ನಮಗೆ ತೋರುವುದೇನೆಂದರೆ: ಮತ್ತೊಬ್ಬರ ಕಾಲವನ್ನೂ ಶ್ರಮವನ್ನೂ ಉಳಿಸುವ ಪದ್ಧತಿಯು ಎಷ್ಟು ಹಳೆಯದಾದರೂ ಉಳಿಯಲಿ. ಸಾಧನದ ಕೊರತೆಯಿಂದ ಹುಟ್ಟಿದ ಪದ್ಧತಿಯು, ಆ ಕೊರತೆ ತೀರಿದ ಮೇಲೆ, ಮರ್ಯಾದೆಯಿಂದ ನಿವೃತ್ತಿ ಹೊಂದಲಿ. ಗರ್ವದಿಂದ ಹುಟ್ಟಿದ ಒರಟುತನವು ಪದ್ಧತಿಯೇ ಅಲ್ಲ. ಅದನ್ನು ಬಿಡಲು ಕಾಲವನ್ನು ನೋಡಬೇಕಾಗಿಲ್ಲ.

ಇದನ್ನೆಲ್ಲ ನೆರೆಮನೆಯ ಹುಡುಗಿಗೆ ತಿಳಿಸಿದೆವು. ಅವಳು ಮೊದಲು ಒಪ್ಪಲಿಲ್ಲ. "ಕಾರಣವನ್ನು ನೀವು ಹೇಳಿದಿರಿ, ಮಾಮ, ಅವರೇಕೆ ಹೇಳಲಿಲ್ಲ?" ಎಂದಳು. ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದೇ ಒಪ್ಪಿಕೊಂಡೆವು. ಆದರೆ ಲಿನಕ್ಸಿನವರ ಕೈಪಿಡಿಯಲ್ಲಿ ಹೊಸಬರಿಗೆ ಧೈರ್ಯಗೆಡಬೇಡಿ, ಆತುರವನ್ನೂ ಪಡಬೇಡಿ, ಉತ್ತರ ಬಾರದಿದ್ದರೆ ಕನಿಷ್ಠ ಒಂದು ವಾರ ಕಾದು ಮತ್ತೆ ಕಳುಹಿಸಿ ಎಂದು ಬರೆದಿರುವುದನ್ನು ತೋರಿಸಿದೆವು. ಅವಳು ಅದನ್ನು ಎರಡು ಸಲ ಓದಿದಳು; ಏನೂ ಹೇಳಲಿಲ್ಲ.

ತಿಂಗಳು ಕಳೆದ ಮೇಲೆ ಅವಳ ತಂದೆಯವರಿಂದ ಸುದ್ದಿ ತಿಳಿಯಿತು. ಅವಳು ತೇಪೆಯನ್ನು ಸಾದಾ ಅಕ್ಷರಗಳಲ್ಲಿ ಮತ್ತೆ ಬರೆದು, ಎರಡನೆಯ ಆವೃತ್ತಿಯೆಂದು ಗುರುತು ಹಾಕಿ, ಹಿಂದಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಎರಡು ಸಾಲಿನಲ್ಲಿ ತಿಳಿಸಿ ಕಳುಹಿಸಿದಳಂತೆ. ಹಿಂದೆ ಗದರಿಸಿದವರೇ ಈ ಸಲ ತಿದ್ದುಪಡಿಯನ್ನು ಸಾಲು ಸಾಲಾಗಿ ಓದಿ ಒಂದು ನಿಜವಾದ ತಪ್ಪನ್ನು ತೋರಿಸಿಕೊಟ್ಟರಂತೆ. ಮೂರನೆಯ ಆವೃತ್ತಿಯು ಅಂಗೀಕೃತವಾಯಿತು. ಈಚೆಗೆ ಆ ಪಟ್ಟಿಗೆ ಹೊಸಬರೊಬ್ಬರು ಬಂದು ಉತ್ತರವನ್ನು ಮೇಲುಗಡೆ ಬರೆದರಂತೆ. ಯಾರೂ ಬಾಯಿ ತೆರೆಯುವ ಮೊದಲೇ ನಮ್ಮ ಹುಡುಗಿಯು ಅವರಿಗೆ ಉತ್ತರ ಬರೆದಳು: ಮೊದಲು ನಮಸ್ಕಾರ, ಆಮೇಲೆ ಕಾರಣ, ಕೊನೆಯಲ್ಲಿ ನಿಯಮ. ಅವರ ಸಾಲುಗಳನ್ನು ಉಳಿಸಿ, ಅವುಗಳ ಕೆಳಗೆಯೇ ಬರೆದಿದ್ದಳೆಂದು ಬೇರೆ ಹೇಳಬೇಕಾದುದಿಲ್ಲವಷ್ಟೆ.